ಬೇಸಿಗೆಗೆ ಬಿಸಿಲು, ಮಳೆಗಾಲಕ್ಕೆ ಹಳ್ಳ

ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು, ನಾಗಝರಿಯ ವಿದ್ಯುದಾಗಾರ. ಅದೇ ನದಿಯ ದಂಡೆಯಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳ ಕೈಗಾ. ದಕ್ಷಿಣದಲ್ಲಿ ಶರಾವತಿಯ ಗೇರುಸೊಪ್ಪ. ಇಷ್ಟೆಲ್ಲ ಇರುವ ಉತ್ತರ ಕನ್ನಡದಲ್ಲಿ ಆರಿದ್ರಾ ಮಳೆ ಹಿಡಿಯಿತೆಂದರೆ ಘಟ್ಟದ ಮೇಲಿನ ಒಂಟಿಮನೆಗಳಲ್ಲಿ ಎರಡು ಮೂರು ದಿನ ಕರೆಂಟು ಇಲ್ಲದಿರುವುದು ಮಾಮೂಲು. ಕಾಡಿನ ನಡುವೆ ಹಾದುಬರುವ ಲೈನಿನ ಮೇಲೆ ಎಲ್ಲೋ ಒಂದು ಮರ ಬಿದ್ದರೆ ಸಾಕು. ಲೈನ್‌ಮನ್ ಆ ಮಳೆಯಲ್ಲಿ ಅದನ್ನು ಹುಡುಕಿಕೊಂಡು ಹೋಗಬೇಕು.

ಇದಕ್ಕೆ ಪರಿಹಾರ ಎಂದುಕೊಂಡು ಚಾವಣಿ ಸೋಲಾರ್ ಹಾಕಿಸುವವರು ಹೆಚ್ಚಾಗಿದ್ದಾರೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 2 ಕಿಲೋವ್ಯಾಟಿನವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟದ್ದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನವಿದೆ. ಬಿಲ್ಲು ಇಳಿಸುವುದಕ್ಕೆ ಇದು ಒಳ್ಳೆಯ ದಾರಿ, ಅನುಮಾನವಿಲ್ಲ. ಆದರೆ ಲೈನಿನಿಂದ ಬಂದದ್ದು, ಲೈನಿಗೆ ಹೋದದ್ದು ಎರಡನ್ನೂ ಅಳೆಯುವ ನೆಟ್ ಮೀಟರಿನ ಜೊತೆ ಬರುವ ಸಾಮಾನ್ಯ ಆನ್‌-ಗ್ರಿಡ್ ಇನ್ವರ್ಟರ್, ಲೈನ್ ಹೋದ ಕ್ಷಣವೇ ತಾನೂ ನಿಲ್ಲುತ್ತದೆ. ಚಾವಣಿಯ ವಿದ್ಯುತ್ ಲೈನಿಗೆ ಹರಿದು ಕಂಬದ ಮೇಲಿರುವ ಲೈನ್‌ಮನ್‌ಗೆ ಹೊಡೆಯಬಾರದೆಂದು ಅದನ್ನು ಹಾಗೆಯೇ ಮಾಡಿರುತ್ತಾರೆ. ಹೊರಗೆ ಬಿಸಿಲು ಕಾಯುತ್ತಿದ್ದರೂ ಲೈನ್ ಇಲ್ಲದಿದ್ದರೆ ಮನೆ ಕತ್ತಲು. ಲೈನ್ ಹೋದಾಗಲೂ ದೀಪ ಉರಿಯಬೇಕಾದರೆ ಬ್ಯಾಟರಿ ಸಹಿತ ಹೈಬ್ರಿಡ್ ಇನ್ವರ್ಟರ್ ಬೇಕು. ಮನೆಯ ವೈರಿಂಗಿನಲ್ಲಿ ಅಗತ್ಯದ ಸರ್ಕ್ಯೂಟ್‌ಗಳನ್ನು, ಅಂದರೆ ದೀಪ, ಫ್ಯಾನು, ಫ್ರಿಜ್ಜು, ಮೊಬೈಲ್ ಪಾಯಿಂಟುಗಳನ್ನು, ಬೇರೆ ಡಿಬಿಗೆ (ವಿದ್ಯುತ್ ಹಂಚುವ ಪೆಟ್ಟಿಗೆಗೆ) ತರಬೇಕು. ಲೈನ್ ಹೋದಾಗ ದೀಪ ಉರಿಯುತ್ತದೆಯೇ? ಖರೀದಿಗೆ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಇದು. ಬಹಳ ಕಡೆ ಇದು ಕೊನೆಗೆ, ಮೊದಲ ಮಳೆಗಾಲದಲ್ಲಿ ಹುಟ್ಟುತ್ತದೆ.

ಎರಡನೆಯದು ಲೆಕ್ಕ. ಫೆಬ್ರವರಿಯಿಂದ ಮೇ ನಡುವಿನ ಸ್ವಚ್ಛ ಬಿಸಿಲಿನಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ಲು ದಿನಕ್ಕೆ ಸುಮಾರು 4 ಯುನಿಟ್ ಕೊಡುತ್ತದೆ. 3 ಕಿಲೋವ್ಯಾಟಿಗೆ 12. ಜುಲೈ ತಿಂಗಳ ಮುಚ್ಚಿದ ಮೋಡದಲ್ಲಿ ಇದು ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಬಿಡದೆ ಸುರಿಯುವ ದಿನ ಕಿಲೋವ್ಯಾಟಿಗೆ ಒಂದು ಯುನಿಟ್ ಬಂದರೆ ಹೆಚ್ಚು. ಕರೆಂಟು ಕೈಕೊಡುವ ತಿಂಗಳುಗಳೇ ಪ್ಯಾನೆಲ್ಲು ಸೊರಗುವ ತಿಂಗಳುಗಳು. ಈ ಕೊರತೆ ತುಂಬಲು ಪ್ಯಾನೆಲ್ಲು, ಬ್ಯಾಟರಿ ಎರಡನ್ನೂ ಇಮ್ಮಡಿ ಮಾಡಿದರೆ ಬೇಸಿಗೆಯಲ್ಲಿ ಅರ್ಧ ಹಣ ಸುಮ್ಮನೆ ಕೂತಿರುತ್ತದೆ. ಅದೇ ಮಳೆ ಮನೆಯ ಹಿಂದಿನ ಗುಡ್ಡದಿಂದ ಹಳ್ಳವಾಗಿ ಇಳಿದು ತೋಟ ದಾಟಿ ಹೋಗುತ್ತಿರುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ತಾಲೂಕುಗಳ ತೋಟದ ಮನೆಗಳಿಗೆ ನಿಜವಾಗಿ ಹೊಂದುವುದು ಬಿಸಿಲಿನ ವಿದ್ಯುತ್ತು, ಹಳ್ಳದ ವಿದ್ಯುತ್ತು ಈ ಎರಡರ ಜೋಡಿ.

ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ, ತುದಿಯ ಸಣ್ಣ ಬಾಯಿಂದ (ನಾಝಲ್) ಚಿಮ್ಮಿಸಿ, ಬಟ್ಟಲುಗಳಿರುವ ಚಕ್ರ ತಿರುಗಿಸಿ ವಿದ್ಯುತ್ ಮಾಡುವ ಇಂಥ ಕಿರು ಘಟಕಕ್ಕೆ ಪಿಕೋ ಹೈಡ್ರೋ ಎನ್ನುತ್ತಾರೆ. 5 ಕಿಲೋವ್ಯಾಟಿನವರೆಗಿನದ್ದು ಈ ಗುಂಪಿಗೆ ಸೇರುತ್ತದೆ. ಅದರ ಶಕ್ತಿಯನ್ನು ಬಾಯಿಲೆಕ್ಕದಲ್ಲೇ ಹೇಳಬಹುದು. ಸೆಕೆಂಡಿಗೆ ಎಷ್ಟು ಲೀಟರ್ ನೀರು, ಎಷ್ಟು ಮೀಟರ್ ಎತ್ತರದಿಂದ, ಇವೆರಡರ ಗುಣಲಬ್ಧವನ್ನು 9.81ರಿಂದ ಗುಣಿಸಿದರೆ ನೀರಿನಲ್ಲಿರುವ ಒಟ್ಟು ವ್ಯಾಟ್. ಸಣ್ಣ ಯಂತ್ರದಲ್ಲಿ ಅದರ ಅರ್ಧ ತಂತಿಗೆ ಬರುತ್ತದೆಂದು ಹಿಡಿಯಬೇಕು. ಸೆಕೆಂಡಿಗೆ 5 ಲೀಟರ್, 20 ಮೀಟರ್ ಎತ್ತರ ಎಂದರೆ ಸುಮಾರು 490 ವ್ಯಾಟ್. ಕೇಳುವುದಕ್ಕೆ ಅಲ್ಪ. ಆದರೆ ಹಳ್ಳಕ್ಕೆ ರಾತ್ರಿಯಿಲ್ಲ: 490 ವ್ಯಾಟ್ 24 ತಾಸು ಹರಿದರೆ ಹತ್ತಿರ ಹತ್ತಿರ 12 ಯುನಿಟ್. ಮೇ ತಿಂಗಳಲ್ಲಿ 3 ಕಿಲೋವ್ಯಾಟ್ ಸೋಲಾರ್ ಕೊಡುವಷ್ಟನ್ನೇ ಜುಲೈಯಲ್ಲಿ ಈ ಪುಟ್ಟ ಯಂತ್ರ ಕೊಡುತ್ತದೆ.

ಅಳತೆ ಸರಿಯಾಗಿರಬೇಕು. ನೀರಿನ ಹರಿವನ್ನು ಹಳ್ಳಕ್ಕೆ ತಾತ್ಕಾಲಿಕ ಕಟ್ಟ ಹಾಕಿ, ಪೂರ್ತಿ ನೀರನ್ನು ಒಂದು ತುಂಡು ಪೈಪಿನಲ್ಲಿ ಹೊರಳಿಸಿ, 20 ಲೀಟರಿನ ಬಕೆಟ್ಟು ತುಂಬುವ ಹೊತ್ತಿನಿಂದ ತಿಳಿಯಬಹುದು. 4 ಸೆಕೆಂಡಿನಲ್ಲಿ ತುಂಬಿದರೆ 5 ಲೀಟರ್. ಆಶ್ಲೇಷಾ ಮಳೆಯ ಭರ್ತಿ ಹರಿವನ್ನು ನೋಡಿ ಯಂತ್ರ ತರಬಾರದು. ಹಸ್ತಾ ಮಳೆ ಕಳೆದ ಮೇಲೆ, ಅಕ್ಟೋಬರ್ ಕೊನೆಗೆ ಅಳೆದದ್ದೇ ಆಧಾರವಾಗಲಿ. ಎತ್ತರಕ್ಕೆ ಗಾರೆ ಕೆಲಸದವರ ಮಟ್ಟದ ಪೈಪು ಸಾಕು. ಇಲ್ಲವೇ ಮೇಲಿನಿಂದ ಪೈಪು ಎಳೆದು ನೀರು ತುಂಬಿ, ಕೆಳಗಿನ ಬಾಯಿ ಮುಚ್ಚಿ ಪ್ರೆಶರ್ ಗೇಜ್ ಹಾಕಿದರೆ 1 ಕೆಜಿ ಒತ್ತಡಕ್ಕೆ 10 ಮೀಟರ್ ಎತ್ತರ.

ಹೆಚ್ಚಿನವರು ಹಣ ಉಳಿಸಲು ಹೋಗಿ ಸೋಲುವುದು ಪೈಪಿನಲ್ಲಿ. ಮೇಲಿನ ಉದಾಹರಣೆಯಲ್ಲಿ ಪೈಪಿನ ಉದ್ದ 150 ಮೀಟರ್ ಎನ್ನೋಣ. 2 ಇಂಚಿನ (63 ಮಿಮೀ) ಪೈಪು ಹಾಕಿದರೆ ಒಳಗಿನ ಘರ್ಷಣೆಗೇ 8 ಮೀಟರಿಗಿಂತ ಹೆಚ್ಚು ಎತ್ತರ ಖರ್ಚಾಗುತ್ತದೆ. 490 ವ್ಯಾಟ್ 300ರ ಕೆಳಗೆ ಬರುತ್ತದೆ. 3 ಇಂಚಿನದರಲ್ಲಿ (90 ಮಿಮೀ) ನಷ್ಟ ಒಂದೂವರೆ ಮೀಟರ್ ಅಷ್ಟೆ. ಮನೆಯಲ್ಲಿ ಬಿದ್ದಿರುವ ಹಳೆಯ 2 ಇಂಚಿನ ಪೈಪನ್ನು ಬಳಸುವ ಆಸೆ ಬಿಡಬೇಕು. ಪೈಪು ನಡುವೆ ಎಲ್ಲೂ ಗೂನಾಗಿ ಮೇಲೇಳಬಾರದು. ಅಲ್ಲಿ ಗಾಳಿ ಕಟ್ಟಿಕೊಂಡು ಹರಿವು ತಡೆಯುತ್ತದೆ. ಕೆಳಗಿನ ವಾಲ್ವನ್ನು ಒಮ್ಮೆಲೇ ಮುಚ್ಚಿದರೆ ಹರಿಯುತ್ತಿರುವ ನೀರು ಗುದ್ದಿ ಜೋಡಣೆ ಒಡೆಯುತ್ತದೆ. ಬಾಲ್ ವಾಲ್ವಿಗಿಂತ ನಿಧಾನ ತಿರುಗುವ ಗೇಟ್ ವಾಲ್ವು ಮೇಲು.

ಮೇಲುಗಡೆ, ನೀರು ಪೈಪಿಗೆ ಇಳಿಯುವ ಜಾಗಕ್ಕೆ ಜೂನಿನಲ್ಲಿ ದಿನವೂ ಕಣ್ಣು ಬೇಕು. ಮೊದಲ ದೊಡ್ಡ ಮಳೆ ಬೆಟ್ಟದ ವರ್ಷದ ದರಕನ್ನೆಲ್ಲ, ಅಂದರೆ ಉದುರಿದ ಒಣ ಎಲೆಯನ್ನೆಲ್ಲ, ಒಟ್ಟಿಗೆ ತರುತ್ತದೆ. ಜಾಲರಿಯನ್ನು ನೇರ ನಿಲ್ಲಿಸಿದರೆ ಒಂದೊಂದೇ ಎಲೆ ಬಂದು ಅಂಟಿ, ಅರ್ಧ ತಾಸಿನಲ್ಲಿ ಚರ್ಮದಂಥ ಪದರವಾಗುತ್ತದೆ. ಆಮೇಲೆ ಪೈಪು ನೀರಿನ ಬದಲು ಗಾಳಿ ಎಳೆಯುತ್ತದೆ, ಕೆಳಗೆ ದೀಪ ಮಿಣುಕುತ್ತದೆ. ಜಾಲರಿಯನ್ನು ಇಳಿಜಾರಾಗಿ ಕೂರಿಸಿ ಅದರ ಮೇಲೆ ನೀರು ಹಾಯುವಂತೆ ಮಾಡಿದರೆ ನೀರು ಕೆಳಗೆ ಸೋರಿ, ಎಲೆ ಮುಂದಕ್ಕೆ ಜಾರಿಹೋಗುತ್ತದೆ. ಅದರ ಕೆಳಗೊಂದು ಮರಳು ನಿಲ್ಲುವ ತೊಟ್ಟಿ ಬೇಕೇ ಬೇಕು. ಮರಳು ಹೋದರೆ ನಾಝಲ್ ಸವೆದು ಅಗಲವಾಗುತ್ತದೆ, ಜೆಟ್ಟು ಹರಡಿ ಚಕ್ರದ ಬಟ್ಟಲಿಗೆ ಸರಿಯಾಗಿ ಬೀಳುವುದಿಲ್ಲ. ಹಳ್ಳದ ಪೂರ್ತಿ ನೀರು ತಿರುಗಿಸಬಾರದು. ಯಂತ್ರದಿಂದ ಹೊರಬಂದ ನೀರು ಅದೇ ಹಳ್ಳಕ್ಕೆ ಸೇರಬೇಕು. ಜಾಗ ಅರಣ್ಯದ್ದಾದರೆ ಇಲಾಖೆಯ ಅನುಮತಿ ಪಡೆದೇ ಕೆಲಸ ಶುರು ಮಾಡಬೇಕು.

ಇನ್ನು ಚಕ್ರದ ಸ್ವಭಾವ. ನೀರು ಒಂದೇ ಸಮ ಬೀಳುತ್ತಿರುವಾಗ ಮನೆಯಲ್ಲಿ ದೀಪ ಆರಿಸಿದರೆ ಚಕ್ರದ ಮೇಲಿನ ಹೊರೆ ಇಳಿದು ವೇಗ ಏರುತ್ತದೆ. ಹೊರೆಯೇ ಇಲ್ಲದಿದ್ದರೆ ವೇಗ ಸುಮಾರು ಇಮ್ಮಡಿ. ವೋಲ್ಟೇಜೂ ಅದರ ಹಿಂದೆಯೇ. ಅದಕ್ಕಾಗಿ ಲೋಡ್ ಕಂಟ್ರೋಲರ್ ಇರುತ್ತದೆ. ಮನೆ ಬಳಸದ ವಿದ್ಯುತ್ತನ್ನು ಅದು ಒಂದು ಹೀಟರ್ ಕಾಯಿಲ್‌ಗೆ ತಿರುಗಿಸುತ್ತದೆ. ಆ ಕಾಯಿಲನ್ನು ಬಚ್ಚಲ ನೀರಿನ ಟ್ಯಾಂಕಿಗೆ ಇಳಿಸಿದರೆ ವ್ಯರ್ಥವಾಗಬೇಕಾದ ವಿದ್ಯುತ್ ಸ್ನಾನದ ನೀರು ಕಾಯಿಸುತ್ತದೆ. ಟ್ಯಾಂಕ್ ಖಾಲಿಯಾಗಿ ಕಾಯಿಲ್ ಸುಟ್ಟುಹೋದರೆ ಚಕ್ರಕ್ಕೆ ಕಡಿವಾಣವಿಲ್ಲ. ಅಂಥ ದಿನ ಬಲ್ಬು, ಚಾರ್ಜರ್ ಸಾಲಾಗಿ ಸುಡುತ್ತವೆ. ಆದ್ದರಿಂದ ಒಂದರ ಜಾಗದಲ್ಲಿ ಎರಡು ಕಾಯಿಲ್ ಇರಲಿ.

ಈಗ ಜೋಡಿಸುವ ಮಾತು. 490 ವ್ಯಾಟನ್ನು ನೇರವಾಗಿ ಬಳಸಿದರೆ ಒಂದು ಮಿಕ್ಸರ್ ತಿರುಗಿಸುವುದೂ ಕಷ್ಟ. 48 ವೋಲ್ಟಿನ ಬ್ಯಾಟರಿಗೆ ತುಂಬಿಸಿ, 3 ಕೆವಿಎ ಇನ್ವರ್ಟರಿನಿಂದ ತೆಗೆದರೆ ಹಗಲು ರಾತ್ರಿ ಹನಿಹನಿಯಾಗಿ ಬಂದದ್ದು ಬೇಕಾದಾಗ ಒಟ್ಟಿಗೆ ಸಿಗುತ್ತದೆ. ಅದೇ ಬ್ಯಾಟರಿಗೆ ಸೋಲಾರ್ ತನ್ನ ಕಂಟ್ರೋಲರ್ ಮೂಲಕ ಬರಲಿ, ಹಳ್ಳದ ಯಂತ್ರ ತನ್ನದರ ಮೂಲಕ. ಸೋಲಾರ್ ಚಾರ್ಜ್ ಕಂಟ್ರೋಲರಿಗೆ ಯಂತ್ರವನ್ನು ನೇರ ಜೋಡಿಸುವುದು ಬಹಳ ಕಡೆ ನಡೆಯುವ ತಪ್ಪು. ಬ್ಯಾಟರಿ ತುಂಬಿದಾಗ ಆ ಕಂಟ್ರೋಲರ್ ಸಂಪರ್ಕ ಕಡಿಯುತ್ತದೆ. ಪ್ಯಾನೆಲ್ಲಿಗೆ ಅದರಿಂದ ಏನೂ ಆಗದು, ಸುಮ್ಮನೆ ಬಿಸಿಲಿಗೆ ಮಲಗಿರುತ್ತದೆ. ಚಕ್ರ ಮಾತ್ರ ಹೊರೆ ಕಳಚಿ ಓಡತೊಡಗುತ್ತದೆ, ಏರಿದ ವೋಲ್ಟೇಜು ಕಂಟ್ರೋಲರನ್ನೇ ಸುಡುತ್ತದೆ.

ಘಟ್ಟದ ಕೆಳಗೆ ಸಮಸ್ಯೆ ಬೇರೆ. ಕಾರವಾರದ ಬೈತಕೋಲ, ಹೊನ್ನಾವರದ ಕಾಸರಕೋಡದಂಥ ಕಡಲಂಚಿನಲ್ಲಿ ಉಪ್ಪುಗಾಳಿ ಮೊದಲು ತಿನ್ನುವುದು ಪ್ಯಾನೆಲ್ಲನ್ನಲ್ಲ, ಅದರ ನಟ್ಟು ಬೋಲ್ಟನ್ನು. ಪ್ಯಾನೆಲ್ಲಿಗೆ ಐಇಸಿ 61701 ಉಪ್ಪುಮಂಜಿನ ಪರೀಕ್ಷೆ ಆಗಿದೆಯೇ ನೋಡಬೇಕು. ಬೋಲ್ಟು 304ಕ್ಕಿಂತ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದಿರಲಿ. ಅಲ್ಯೂಮಿನಿಯಂ ಚೌಕಟ್ಟು ಬೇರೆ ಲೋಹಕ್ಕೆ ತಾಗುವಲ್ಲಿ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಕರಗುತ್ತ ಹೋಗುತ್ತದೆ. ನಡುವೆ ರಬ್ಬರ್ ಅಥವಾ ನೈಲಾನ್ ವಾಷರ್ ಹಾಕಬೇಕು. ಕಾರವಾರ, ಶಿರಸಿ ಎರಡೂ 14–15 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ದಕ್ಷಿಣಕ್ಕೆ 15 ಡಿಗ್ರಿ ಓರೆ ಸರಿ. ಇನ್ನೂ ಚಪ್ಪಟೆಯಾಗಿ ಇಟ್ಟರೆ ಕೆಳಗಿನ ಚೌಕಟ್ಟಿನ ಅಂಚಿಗೆ ನೀರು ನಿಂತು ಬೆರಳಗಲದ ಕೆಸರು, ಅದರ ಮೇಲೆ ಹಸಿರು ಪಾಚಿ. ಆ ಒಂದು ಪಟ್ಟಿಯೇ ಕೆಳಸಾಲಿನ ಸೆಲ್‌ಗಳನ್ನು ಮುಚ್ಚಿ ಪೂರ್ತಿ ಪ್ಯಾನೆಲ್ಲಿನ ಉತ್ಪನ್ನ ತಗ್ಗಿಸುತ್ತದೆ. ತೆಂಗಿನ ಹೆಡೆಯ ನೆರಳೂ ಹೀಗೆಯೇ. ಹಂಚಿನ ಮಾಡಿಗೆ ತೂತು ಕೊರೆದು ಕೂರಿಸುವುದಕ್ಕಿಂತ ಅಡಿಕೆ ಒಣಗಿಸುವ ಅಂಗಳದ ಬದಿಗೆ ಕಂಬ ನಿಲ್ಲಿಸುವುದು ಒಳ್ಳೆಯದು.

ಕಡಲ ಗಾಳಿಯನ್ನೇ ಏಕೆ ಬಳಸಬಾರದು ಎಂದು ಕೇಳುವವರಿದ್ದಾರೆ. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ: ವೇಗ ಅರ್ಧವಾದರೆ ಶಕ್ತಿ ಎಂಟರಲ್ಲಿ ಒಂದು ಪಾಲು. ಸೆಕೆಂಡಿಗೆ 3 ಮೀಟರಿನ ಸಾಧಾರಣ ಗಾಳಿಯಲ್ಲಿ 2 ಮೀಟರ್ ವ್ಯಾಸದ ಯಂತ್ರ ಒಂದೆರಡು ಎಲ್‌ಇಡಿ ಬಲ್ಬಿನಷ್ಟು ಕೊಡುತ್ತದೆ. ತೆಂಗಿನ ಸಾಲಿನ ನಡುವೆ ಸುಳಿಗಾಳಿ ಬೇರೆ. ರಾಜ್ಯದ ಗಾಳಿಗಿರಣಿಗಳು ಗದಗ, ಚಿತ್ರದುರ್ಗದ ಬಯಲು ಗುಡ್ಡಗಳ ಮೇಲೆ ನಿಂತಿರುವುದು ಇದಕ್ಕೇ.

ಹಳ್ಳವಿಲ್ಲದ ಕರಾವಳಿಯ ಮನೆಗೆ ಉಳಿದದ್ದು ಬ್ಯಾಟರಿಯ ಲೆಕ್ಕ. 48 ವೋಲ್ಟ್ 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 5 ಯುನಿಟ್ ಇರುತ್ತದೆ, 4ನ್ನು ನೆಮ್ಮದಿಯಾಗಿ ಬಳಸಬಹುದು. ಫ್ರಿಜ್ಜಿಗೆ ದಿನಕ್ಕೆ ಒಂದು, ದೀಪ ಫ್ಯಾನುಗಳಿಗೆ ಒಂದು ಎಂದರೆ ಎರಡು ದಿನ. ಮೋಡದಲ್ಲೂ 3 ಕಿಲೋವ್ಯಾಟ್ ಪ್ಯಾನೆಲ್ಲು ಕೊಡುವ ಎರಡು ಮೂರು ಯುನಿಟ್ ಸೇರಿದರೆ ಲೈನ್ ಬರುವವರೆಗೂ ನಡೆಯುತ್ತದೆ. ಬಾವಿಯ ಪಂಪನ್ನು ಮಾತ್ರ ಇದಕ್ಕೆ ಸೇರಿಸಬೇಡಿ: 1 ಎಚ್‌ಪಿ ಮೋಟಾರು ಶುರುವಾಗುವಾಗ ತನ್ನ ಓಟದ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ, ಸಣ್ಣ ಇನ್ವರ್ಟರ್ ಅಲ್ಲೇ ಟ್ರಿಪ್ ಆಗುತ್ತದೆ. ಲೈನ್ ಇರುವಾಗಲೇ ಮೇಲಿನ ಟ್ಯಾಂಕ್ ತುಂಬಿಸಿಡಿ.