ಓದುಗರ ಪ್ರಶ್ನೆ: ಡಚ್ಚರ ಇಂಗ್ಲಿಷಿನಲ್ಲಿ ‘ನಿನ್ನೆ’ಯ ಜೊತೆಗೂ ‘ಹ್ಯಾವ್’ ಏಕೆ ಬರುತ್ತದೆ?

ಪ್ರಶ್ನೆ: ನಾವು ಐಂಡ್‌ಹೋವನ್‌ನಲ್ಲಿದ್ದೇವೆ. ಮಗ ಡಚ್ ಮಾಧ್ಯಮದ ಶಾಲೆಯಲ್ಲಿ ಓದುತ್ತಿದ್ದಾನೆ. ಅವನೂ ಅವನ ಗೆಳೆಯರೂ ನನ್ನ ಡಚ್ ಸಹೋದ್ಯೋಗಿಗಳೂ ಇಂಗ್ಲಿಷನ್ನು ಸರಾಗವಾಗಿ ಮಾತನಾಡುತ್ತಾರೆ, ಆದರೆ ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಎನ್ನುವುದನ್ನು ಮಾತ್ರ ಬಿಡುವುದಿಲ್ಲ. ಇತ್ತೀಚಿನ ಸಂಗತಿಗೆ ಪ್ರೆಸೆಂಟ್ ಪರ್ಫೆಕ್ಟ್ (‘ಐ ಹ್ಯಾವ್ ಸೀನ್’), ಹಳೆಯ ಸಂಗತಿಗೆ ಸಿಂಪಲ್ ಪಾಸ್ಟ್, ಅಂದರೆ ಸರಳ ಭೂತಕಾಲ (‘ಐ ಸಾ’), ಎಂದು ನಾವು ಶಾಲೆಯಲ್ಲಿ ಕಲಿತ ನಿಯಮವನ್ನು ಮಗನಿಗೆ ಹೇಳಿಕೊಟ್ಟರೆ ಸರಿಹೋಗುವುದಿಲ್ಲವೇ?

ಉತ್ತರ: ಸರಿಹೋಗುವುದಿಲ್ಲ, ಬದಲಿಗೆ ಇನ್ನಷ್ಟು ಕೆಡುತ್ತದೆ. ಈ ಪ್ರಶ್ನೆಗೆ ನಾನು ಉತ್ತರಿಸುತ್ತಿರುವುದು ಇದೇ ಮೊದಲಲ್ಲ. ತರಗತಿಯಲ್ಲಿಯೂ ಪತ್ರಗಳಲ್ಲಿಯೂ ಎಷ್ಟು ಸಲ ಹೇಳಿದರೂ ‘ಇತ್ತೀಚಿನದಕ್ಕೆ ಹ್ಯಾವ್’ ಎಂಬ ಸೂತ್ರ ತಂದೆತಾಯಿಯರಿಂದ ಮಕ್ಕಳಿಗೆ, ಮಕ್ಕಳಿಂದ ಗೆಳೆಯರಿಗೆ ದಾಟುತ್ತಲೇ ಇದೆ. ಆದ್ದರಿಂದ ಈ ಸಲ ಅದನ್ನು ಬುಡದಿಂದಲೇ ಬಿಡಿಸಿ ನೋಡೋಣ.

ಮೊದಲು ಡಚ್ ಭಾಷೆಯ ನಡೆಯನ್ನು ತಿಳಿಯಬೇಕು. ನಿನ್ನೆ ಅವನನ್ನು ಕಂಡೆ ಎನ್ನಲು ಡಚ್ಚರು ಸಹಜವಾಗಿ ‘ಇಕ್ ಹೆಬ್ ಹೆಮ್ ಖಿಸ್ಟರೆನ್ ಖೆಜೀನ್’ ಎನ್ನುತ್ತಾರೆ. ಇದರಲ್ಲಿ ‘ಹೆಬ್’ ಇಂಗ್ಲಿಷಿನ ‘ಹ್ಯಾವ್’ಗೆ ಒಡಹುಟ್ಟು, ‘ಖೆಜೀನ್’ ಅಲ್ಲಿನ ‘ಸೀನ್’ಗೆ ಒಡಹುಟ್ಟು, ನಡುವಿನ ‘ಖಿಸ್ಟರೆನ್’ ಎಂದರೆ ನಿನ್ನೆ. ಮುಗಿದುಹೋದ ಒಂದು ಸಂಗತಿಯನ್ನು ತಿಳಿಸಲು ಆಡುಮಾತಿನ ಡಚ್ಚಿನಲ್ಲಿ ಇರುವ ಸಾಮಾನ್ಯ ರೂಪವೇ ಇದು. ಸರಳ ಭೂತಕಾಲವನ್ನು ಅವರು ಹೆಚ್ಚಾಗಿ ಒಂದರ ಹಿಂದೊಂದು ಘಟನೆಗಳನ್ನು ಕಥೆಯಂತೆ ಹೇಳುವಾಗ, ಹಿನ್ನೆಲೆಯನ್ನು ವರ್ಣಿಸುವಾಗ, ಹಿಂದಿನ ರೂಢಿಯೊಂದನ್ನು ನೆನೆಯುವಾಗ ಬಳಸುತ್ತಾರೆ. ನೆರೆಯ ಜರ್ಮನಿಯಲ್ಲಿಯೂ ಹೀಗೆಯೇ. ಅಲ್ಲಿನ ದಕ್ಷಿಣ ಭಾಗದ ಆಡುಮಾತಿನಲ್ಲಂತೂ ಸರಳ ಭೂತಕಾಲ ಬಹುಮಟ್ಟಿಗೆ ಮರೆಯಾಗಿದೆ. ಹಾಗಾಗಿ ನಿಮ್ಮ ಮಗ ವ್ಯಾಕರಣ ತಿಳಿಯದೆ ತಪ್ಪುತ್ತಿಲ್ಲ. ಒಂದು ವ್ಯಾಕರಣವನ್ನು ಚೆನ್ನಾಗಿ ತಿಳಿದು, ಅದನ್ನು ಅದರಂತೆಯೇ ಕಾಣುವ ಇನ್ನೊಂದು ಭಾಷೆಗೆ ಹಚ್ಚುತ್ತಿದ್ದಾನೆ. ಜೊತೆಗೆ ಡಚ್ ಶಾಲೆಗಳಲ್ಲಿ ಈ ಕಾಲರೂಪದ ಹೆಸರಿನಲ್ಲಿಯೇ ‘ಫೋಲ್ಟೋಯ್ಡ್’, ಅಂದರೆ ಪೂರ್ಣಗೊಂಡ, ಎಂಬ ಮಾತಿದೆ. ಪೂರ್ಣಗೊಂಡ ಕೆಲಸಕ್ಕೆ ಪೂರ್ಣಗೊಂಡ ಕಾಲ ಎಂದು ಮಗು ತರ್ಕಿಸಿದರೆ ಅದನ್ನು ದಡ್ಡತನ ಎನ್ನಲಾಗದು.

ಇಷ್ಟು ಸಣ್ಣ ತಪ್ಪು ಇಷ್ಟು ಗಟ್ಟಿಯಾಗಿ ಉಳಿಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಇಂಗ್ಲಿಷ್ ಪ್ರಾವೀಣ್ಯವನ್ನು ಅಳೆಯುವ ಇಎಫ್ ಸೂಚ್ಯಂಕದಲ್ಲಿ ನೆದರ್‌ಲ್ಯಾಂಡ್ಸ್ 2019ರಿಂದ ಹಲವು ವರ್ಷ ಮೊದಲ ಸ್ಥಾನದಲ್ಲಿದ್ದ ದೇಶ. ಅಲ್ಲಿನ ಟಿವಿಯಲ್ಲಿ ವಿದೇಶಿ ಕಾರ್ಯಕ್ರಮಗಳು ಬಹುಪಾಲು ಡಬ್ ಆಗದೆ ಸಬ್‌ಟೈಟಲ್‌ನೊಂದಿಗೆ ಬರುವುದರಿಂದ ಮಕ್ಕಳ ಕಿವಿಗೆ ಇಂಗ್ಲಿಷ್ ಬೇಗ ಬೀಳುತ್ತದೆ. ಆದರೆ ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಎಂದಾಗ ಕೇಳಿದವರಿಗೆ ಅರ್ಥವಾಗದೆ ಇರುವುದಿಲ್ಲ, ಅರ್ಥವಾದ ಮೇಲೆ ಯಾರೂ ತಿದ್ದುವುದಿಲ್ಲ.

ಈಗ ನಿಮ್ಮ ನಿಯಮಕ್ಕೆ ಬರುತ್ತೇನೆ. ‘ಇತ್ತೀಚಿನದಕ್ಕೆ ಪರ್ಫೆಕ್ಟ್’ ಎಂದು ಹೇಳಿಕೊಟ್ಟ ಮರುಗಳಿಗೆಯೇ ಮಗ ಕೇಳಬಹುದಾದ ಪ್ರಶ್ನೆಯನ್ನು ಊಹಿಸಿ ನೋಡಿ: ನಿನ್ನೆ ಎಂಬುದು ಇತ್ತೀಚಿನದಲ್ಲವೇ? ಇತ್ತೀಚಿನದೇ. ಹಾಗಾದರೆ ನಿಮ್ಮ ನಿಯಮದ ಪ್ರಕಾರ ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಸರಿಯಾಗುತ್ತದೆ. ಯಾವ ತಪ್ಪನ್ನು ಬಿಡಿಸಲು ನಿಯಮ ಹೇಳಿದಿರೋ ಅದೇ ತಪ್ಪಿಗೆ ನಿಯಮವೇ ಅನುಮತಿ ಕೊಟ್ಟಂತಾಯಿತು.

ನಿನ್ನೆಯನ್ನು ಬಿಟ್ಟು ಇನ್ನೂ ಹತ್ತಿರಕ್ಕೆ ಬರೋಣ. ಒಬ್ಬರು ಎರಡೇ ನಿಮಿಷದ ಹಿಂದೆ ಹೊರಟುಹೋಗಿದ್ದಾರೆ. ಇದಕ್ಕಿಂತ ಇತ್ತೀಚಿನದು ಇನ್ನೇನಿದೆ? ಆದರೂ ಇಂಗ್ಲಿಷ್ ‘ಹಿ ಲೆಫ್ಟ್ ಟೂ ಮಿನಿಟ್ಸ್ ಅಗೋ’ ಎಂದು ಸಿಂಪಲ್ ಪಾಸ್ಟನ್ನೇ ಕೇಳುತ್ತದೆ. ಇಲ್ಲಿ ‘ಹ್ಯಾಸ್ ಲೆಫ್ಟ್’ ಸಲ್ಲದು. ಇನ್ನೊಂದು ತುದಿಗೆ ಹೋಗಿ. ಎಂಬತ್ತು ದಾಟಿದ ಅಜ್ಜಿಯೊಬ್ಬರು ಚಿಕ್ಕ ಹುಡುಗಿಯಾಗಿದ್ದಾಗ ಒಮ್ಮೆ ಹಂಪಿಗೆ ಹೋಗಿದ್ದರು, ಆಮೇಲೆ ಎಂದೂ ಹೋಗಲಿಲ್ಲ. ಅವರು ಇಂದು ‘ಐ ಹ್ಯಾವ್ ಬೀನ್ ಟು ಹಂಪಿ’ ಎಂದರೆ ಅದು ಪೂರ್ತಿ ಸರಿ. ಎರಡು ನಿಮಿಷದ ಹಿಂದಿನದಕ್ಕೆ ಸಿಂಪಲ್ ಪಾಸ್ಟ್, ಏಳು ದಶಕದ ಹಿಂದಿನದಕ್ಕೆ ಪ್ರೆಸೆಂಟ್ ಪರ್ಫೆಕ್ಟ್ ಬರುವುದಾದರೆ, ದೂರ ಹತ್ತಿರಗಳನ್ನು ಅಳೆಯುವ ನಿಯಮಕ್ಕೆ ನಿಲ್ಲಲು ನೆಲವೆಲ್ಲಿದೆ?

ಡಚ್ಚರ ಕಡೆಯಿಂದ ನೋಡಿದರೂ ಈ ನಿಯಮ ಸೋಲುತ್ತದೆ. ಆಮ್‌ಸ್ಟರ್‌ಡಾಮಿನ ರೈಕ್ಸ್‌ಮ್ಯೂಸಿಯಂನಲ್ಲಿರುವ ‘ನೈಟ್ ವಾಚ್’ ಚಿತ್ರದ ಬಗ್ಗೆ ಡಚ್ ವಿದ್ಯಾರ್ಥಿಯೊಬ್ಬ ಇಂಗ್ಲಿಷಿನಲ್ಲಿ ಬರೆಯುವಾಗ ‘ರೆಂಬ್ರಾಂಟ್ ಹ್ಯಾಸ್ ಪೇಂಟೆಡ್ ಇಟ್ ಇನ್ 1642’ ಎಂದುಬಿಡುವುದುಂಟು. ಮುನ್ನೂರ ಎಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಕೆಲಸವನ್ನು ಅವನು ಇತ್ತೀಚಿನದೆಂದು ಭಾವಿಸಿ ‘ಹ್ಯಾಸ್’ ಹಾಕಿದನೇ? ಇಲ್ಲ. ಅವನ ಭಾಷೆಯಲ್ಲಿ ಆ ರೂಪಕ್ಕೂ ಇಸವಿಗೂ ವಿರೋಧವೇ ಇಲ್ಲದ್ದರಿಂದ ಹಾಕಿದ. ರೋಗ ಇರುವುದು ಕಾಲದ ದೂರದಲ್ಲಲ್ಲ, ಕಾಲಸೂಚಕ ಪದದ ಜೊತೆಗಿನ ಹೊಂದಾಣಿಕೆಯಲ್ಲಿ.

ಈ ನಂಬಿಕೆ ಹುಟ್ಟಿದ್ದು ಎಲ್ಲಿಂದ ಎಂಬುದನ್ನೂ ಹೇಳಬೇಕು, ಏಕೆಂದರೆ ಅದರಲ್ಲಿ ಅರೆಪಾಲು ಸತ್ಯವಿದೆ. ‘ಜಸ್ಟ್’, ‘ರೀಸೆಂಟ್ಲಿ’ ಎಂಬ ಪದಗಳು ಪರ್ಫೆಕ್ಟ್ ಜೊತೆ ಮೇಲಿಂದ ಮೇಲೆ ಕಾಣಿಸುತ್ತವೆ. ಪ್ರಧಾನಿ ರಾಜೀನಾಮೆ ನೀಡಿದ ಸುದ್ದಿ ಮೊದಲು ಬಂದಾಗ ವಾರ್ತೆಯವರು ‘ಹ್ಯಾಸ್ ರಿಸೈನ್ಡ್’ ಎನ್ನುತ್ತಾರೆ. ಆದರೆ ಅದೇ ವಾರ್ತೆಯ ಎರಡನೆಯ ವಾಕ್ಯದಲ್ಲಿ ಎಷ್ಟು ಗಂಟೆಗೆ, ಎಲ್ಲಿ ಎಂಬ ವಿವರ ಬಂದೊಡನೆ ಕ್ರಿಯಾಪದ ಸಿಂಪಲ್ ಪಾಸ್ಟಿಗೆ ಇಳಿಯುವುದನ್ನು ಗಮನಿಸಿದವರು ಕಡಿಮೆ. ಘಟನೆ ಒಂದೇ, ಅದು ನಡೆದದ್ದೂ ಒಂದೇ ಹೊತ್ತಿನಲ್ಲಿ, ಕಾಲರೂಪ ಮಾತ್ರ ಎರಡು. ಅಮೆರಿಕದವರಂತೂ ಈಗಷ್ಟೇ ಊಟ ಮುಗಿಸಿ ‘ಐ ಜಸ್ಟ್ ಏಟ್’ ಎಂದು ಸರಳ ಭೂತಕಾಲದಲ್ಲಿಯೇ ನೆಮ್ಮದಿಯಾಗಿ ಹೇಳುತ್ತಾರೆ.

ಹಾಗಾದರೆ ಮಗನಿಗೆ ಹೇಳಬೇಕಾದದ್ದು ಏನು? ವಾಕ್ಯದಲ್ಲಿರುವ ಕಾಲಾವಧಿ ಮುಚ್ಚಿದೆಯೇ, ಇನ್ನೂ ತೆರೆದಿದೆಯೇ ಎಂದು ಕೇಳಿಕೊಳ್ಳಲು ಹೇಳಿ. ಬೆಳಿಗ್ಗೆ ಹನ್ನೊಂದು ಗಂಟೆಗೆ ‘ಐ ಹ್ಯಾವ್ ಹ್ಯಾಡ್ ಟೂ ಕಾಫೀಸ್ ದಿಸ್ ಮಾರ್ನಿಂಗ್’ ಎಂದರೆ ಸರಿ, ಏಕೆಂದರೆ ಬೆಳಗು ಇನ್ನೂ ಮುಗಿದಿಲ್ಲ, ಮೂರನೆಯ ಕಾಫಿಗೆ ಅವಕಾಶವಿದೆ. ಅದೇ ಎರಡು ಕಾಫಿಯ ಬಗ್ಗೆ ಸಂಜೆ ನಾಲ್ಕಕ್ಕೆ ಹೇಳುವಾಗ ‘ಐ ಹ್ಯಾಡ್ ಟೂ ಕಾಫೀಸ್ ದಿಸ್ ಮಾರ್ನಿಂಗ್’ ಎನ್ನಬೇಕು, ಏಕೆಂದರೆ ಆ ಬೆಳಗು ಮುಚ್ಚಿದೆ. ಯೆಸ್ಟರ್‌ಡೇ, ಲಾಸ್ಟ್ ವೀಕ್, ಅಗೋ, ಇನ್ 1642 ಇವೆಲ್ಲ ಮುಚ್ಚಿದ ಬಾಗಿಲುಗಳು. ಹುಡುಗ ಮೊದಲು ಕಾಲಸೂಚಕ ಪದದ ಮೇಲೆ ಬೆರಳಿಟ್ಟು, ಆಮೇಲೆ ಕ್ರಿಯಾಪದವನ್ನು ಆರಿಸಲಿ. ನನ್ನ ವಿದ್ಯಾರ್ಥಿಗಳು ಹೀಗೆ ಬೆರಳಿಡುವುದನ್ನು ಕಲಿತ ಮೇಲೆ ಈ ತಪ್ಪನ್ನು ತಾವೇ ಹಿಡಿಯತೊಡಗಿದ್ದನ್ನು ನಾನು ಹೆಮ್ಮೆಯಿಂದ ನೋಡಿದ್ದೇನೆ.

ಇದರ ತಲೆಕೆಳಗಾದ ತಪ್ಪೂ ಡಚ್ಚರಲ್ಲಿ ಇದೆ. ‘ಇಕ್ ವೋನ್ ಹೀರ್ ಅಲ್ ಟೀನ್ ಯಾರ್’ ಎಂಬ ಡಚ್ ವಾಕ್ಯದಲ್ಲಿ ಕ್ರಿಯಾಪದ ವರ್ತಮಾನದಲ್ಲಿದೆ. ನಾವು ಕನ್ನಡದಲ್ಲಿ ‘ಹತ್ತು ವರ್ಷದಿಂದ ಇಲ್ಲಿದ್ದೇನೆ’ ಎಂದಂತೆಯೇ. ಅದು ಇಂಗ್ಲಿಷಿಗೆ ಬಂದಾಗ ‘ಐ ಲಿವ್ ಹಿಯರ್ ಆಲ್ರೆಡಿ ಟೆನ್ ಇಯರ್ಸ್’ ಆಗುತ್ತದೆ, ಬೇಕಾದದ್ದು ‘ಐ ಹ್ಯಾವ್ ಲಿವ್ಡ್ ಹಿಯರ್ ಫಾರ್ ಟೆನ್ ಇಯರ್ಸ್’. ಈ ಎರಡೂ ತಪ್ಪುಗಳು ಕನ್ನಡಿಗರ ಇಂಗ್ಲಿಷಿನಲ್ಲಿಯೂ ಇವೆ, ನಿನ್ನೆ ಅವನನ್ನು ನೋಡಿದ್ದೇನೆ ಎಂಬುದು ನಮ್ಮ ಕಿವಿಗೂ ಒಪ್ಪುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಡಚ್ ಇರುವ ನಿಮ್ಮ ಮಗನಿಗೆ ಈ ವಿಷಯದಲ್ಲಿ ಎರಡೂ ಭಾಷೆಗಳು ಒಂದೇ ದಿಕ್ಕಿಗೆ ಎಳೆಯುತ್ತಿವೆ ಎಂಬುದನ್ನು ನೆನಪಿಡಿ.

ಆದರೆ ನೀವು ಕೇಳದ ಇನ್ನೊಂದು ಕಡೆ ಕನ್ನಡ ಅವನಿಗೆ ದೊಡ್ಡ ಆಸರೆಯಾಗಬಲ್ಲದು. ಅದು ಮೋಡಲ್ ಕ್ರಿಯಾಪದಗಳ, ಅಂದರೆ ‘ಮಸ್ಟ್’, ‘ವುಡ್’ನಂಥ ಸಹಾಯಕ ಪದಗಳ ಕಡೆ. ‘ಮಸ್ಟ್ ನಾಟ್’ ಎಂಬುದನ್ನು ಡಚ್ ಮಾತನಾಡುವವರು ಎಡವಿ ಬಳಸುವುದುಂಟು, ಬೆಲ್ಜಿಯಂನ ಫ್ಲಾಂಡರ್ಸ್ ಕಡೆಯವರು ಇನ್ನೂ ಹೆಚ್ಚು. ಬರಬೇಕಾಗಿಲ್ಲ ಎನ್ನಲು ನೆದರ್‌ಲ್ಯಾಂಡ್ಸಿನವರು ‘ಯೆ ಹೂಫ್ಟ್ ನೀಟ್ ಟೆ ಕೋಮನ್’ ಎನ್ನುತ್ತಾರೆ. ಫ್ಲಾಂಡರ್ಸಿನಲ್ಲಿ ಅದೇ ಅರ್ಥಕ್ಕೆ ‘ಯೆ ಮೂಟ್ ನೀಟ್ ಕೋಮನ್’ ಎನ್ನುವುದು ವಾಡಿಕೆ. ‘ಮೂಟ್’ ಎಂಬುದನ್ನು ‘ಮಸ್ಟ್’ ಎಂದು ತಿರುಗಿಸಿದ ಸಹೋದ್ಯೋಗಿ ಸೌಜನ್ಯದಿಂದಲೇ ‘ಯೂ ಮಸ್ಟ್ ನಾಟ್ ಕಮ್ ಟು ದ ಮೀಟಿಂಗ್’ ಎಂದು ಬರೆಯುತ್ತಾರೆ. ಅವರು ಹೇಳಹೊರಟದ್ದು ನೀವು ಬರಬೇಕಾಗಿಲ್ಲ ಎಂದು, ಓದಿದವರಿಗೆ ಸಿಕ್ಕದ್ದು ನೀವು ಬರಕೂಡದು ಎಂದು. ಬೇಕಾಗಿಲ್ಲ ಎಂಬಲ್ಲಿ ‘ಡೋಂಟ್ ಹ್ಯಾವ್ ಟು’, ಕೂಡದು ಎಂಬಲ್ಲಿ ‘ಮಸ್ಟ್ ನಾಟ್’ ಎಂದು ಹೇಳಿದರೆ ಕನ್ನಡ ಬಲ್ಲ ಮಗುವಿಗೆ ಒಂದು ನಿಮಿಷದಲ್ಲಿ ತಿಳಿಯುತ್ತದೆ.

‘ವುಡ್’ ವಿಷಯದಲ್ಲಿಯೂ ಹೀಗೆಯೇ. ಡಚ್ಚಿನ ‘ಜೌ’ ಎಂಬ ಸಹಾಯಕ ಪದ ‘ವುಡ್’ನ ಕೆಲಸವನ್ನೂ ಮಾಡುತ್ತದೆ, ಅದರ ಜೊತೆಗೆ ಕೇಳಿ ತಿಳಿದ ಸುದ್ದಿಯನ್ನು ಖಚಿತಪಡಿಸದೆ ಹೇಳುವ ಕೆಲಸವನ್ನೂ ಮಾಡುತ್ತದೆ. ‘ಡೆ ಮಿನಿಸ್ಟರ್ ಜೌ ಜೀಕ್ ಜೈನ್’ ಎಂದರೆ ಮಂತ್ರಿಗಳಿಗೆ ಹುಷಾರಿಲ್ಲವಂತೆ. ಇದನ್ನು ‘ದ ಮಿನಿಸ್ಟರ್ ವುಡ್ ಬಿ ಇಲ್’ ಎಂದು ಬರೆದರೆ ಇಂಗ್ಲಿಷ್ ಓದುಗರು ಯಾವ ಸಂದರ್ಭದಲ್ಲಿ ಎಂದು ಕೇಳುತ್ತಾ ವಾಕ್ಯದ ಉಳಿದರ್ಧಕ್ಕೆ ಕಾಯುತ್ತಾರೆ. ಅಲ್ಲಿ ಬೇಕಾದದ್ದು ‘ಈಸ್ ಸೆಡ್ ಟು ಬಿ ಇಲ್’. ಮಗ ‘ಜೌ’ ಇರುವ ವಾಕ್ಯವನ್ನು ಇಂಗ್ಲಿಷಿಗೆ ತರುವ ಮೊದಲು ಒಮ್ಮೆ ಕನ್ನಡದಲ್ಲಿ ಹೇಳಿಕೊಳ್ಳಲಿ; ಕೊನೆಗೆ ‘ಅಂತೆ’ ಬಂದರೆ ‘ವುಡ್’ ಹಾಕಬಾರದು.