ಕೈ ಏಳದಿದ್ದರೆ ಪಕ್ಕ ಬಿಚ್ಚಿಸಬೇಡಿ

ಮೈಸೂರಿನಲ್ಲಿ 31 ವರ್ಷಗಳಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದೇನೆ. ಈ ಅವಧಿಯಲ್ಲಿ ಬ್ಲೌಸಿನ ತೋಳು ಮೊಣಕೈವರೆಗೆ ಇಳಿದು, ಮೇಲೇರಿ, ಮತ್ತೆ ಇಳಿದಿದೆ. ಬೆನ್ನಿನ ಕತ್ತು ಎಷ್ಟು ಆಕಾರ ತಾಳಿದೆಯೋ ಲೆಕ್ಕವಿಲ್ಲ. ಬದಲಾಗದೆ ಉಳಿದಿರುವುದು ಒಂದೇ ದೂರು: "ಅಕ್ಕಾ, ಕೈ ಎತ್ತೋಕೆ ಆಗ್ತಾ ಇಲ್ಲ, ಪಕ್ಕದಲ್ಲಿ ಒಂದು ಹೊಲಿಗೆ ಬಿಚ್ಚಿಕೊಡಿ."

ಭುಜದ ಹೊಲಿಗೆ ಭುಜದ ಮೂಳೆಯ ತುದಿಯಲ್ಲಿ ಕೂರಬೇಕು, ಹುಕ್ಕುಗಳ ನಡುವೆ ಬಾಯಿ ಬಿಡಬಾರದು ಎಂಬುದೆಲ್ಲ ಎಲ್ಲರಿಗೂ ತಿಳಿದ ವಿಷಯ. ಅದನ್ನು ಇಲ್ಲಿ ವಿವರಿಸುವುದಿಲ್ಲ. ನನಗೆ ಹೇಳಬೇಕಾಗಿರುವುದು ಕಂಕುಳಿನ ಬಗ್ಗೆ. ಕೈ ಏಳದಿರುವುದಕ್ಕೂ ಎದೆಸುತ್ತಿನ ಬಿಗಿತಕ್ಕೂ ಬಹಳಷ್ಟು ಸಲ ಸಂಬಂಧವೇ ಇರುವುದಿಲ್ಲ. ಬ್ಲೌಸಿನ ಕಂಕುಳು ನಿಮ್ಮ ಕಂಕುಳಿಗಿಂತ ಕೆಳಗಿಳಿದಿರುವುದರಿಂದ ಕೈ ಏಳುತ್ತಿಲ್ಲ.

ಹೀಗೆಂದ ಕೂಡಲೇ ಎದುರಿಗಿರುವವರು ನನ್ನನ್ನು ಅನುಮಾನದಿಂದ ನೋಡುತ್ತಾರೆ. ಕಂಕುಳು ಇಳಿದಷ್ಟೂ ಸಡಿಲ, ಸಡಿಲವಾದಷ್ಟೂ ಆರಾಮ ಎಂಬುದು ಅವರ ಲೆಕ್ಕ. ಆದ್ದರಿಂದ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿಸುತ್ತೇನೆ. ತೋಳು ಮೈಭಾಗಕ್ಕೆ ಕೂಡುವ ಕೆಳಗಿನ ಸಂದನ್ನು ಇನ್ನೊಂದು ಕೈಯ ಎರಡು ಬೆರಳಲ್ಲಿ ಹಿಡಿದುಕೊಂಡು, ನಿಧಾನವಾಗಿ ಕೈ ಎತ್ತಿ ನೋಡಿ. ಆ ಸಂದು ಎರಡು ಇಂಚು ಕೆಳಗಿದ್ದರೆ, ತೋಳು ಏಳುವಾಗ ಅದನ್ನು ಎಳೆಯುತ್ತದೆ, ಸಂದು ಪಕ್ಕದ ಹೊಲಿಗೆಯನ್ನು ಎಳೆಯುತ್ತದೆ, ಹೊಲಿಗೆ ಕೆಳಗಿನ ಪಟ್ಟಿಯನ್ನು ಎಳೆಯುತ್ತದೆ. ಇಡೀ ಬ್ಲೌಸು ಮೇಲಕ್ಕೆ ಸರಿಯುತ್ತದೆ. ಪಟ್ಟಿ ಬಿಗಿಯಾಗಿ ಕೂತಿದ್ದರೆ ಅದು ಸರಿಯಲು ಒಪ್ಪುವುದಿಲ್ಲ, ಕೈ ಅಲ್ಲಿಗೇ ನಿಲ್ಲುತ್ತದೆ.

ಇನ್ನೂ ಬಿಡಿಸಿ ಹೇಳುತ್ತೇನೆ. ಕಂಕುಳು ಮೇಲಿರುವ ಬ್ಲೌಸಿನಲ್ಲಿ ಬಟ್ಟೆಯು ಪಕ್ಕೆಯ ಗುಂಟ ಕಂಕುಳ ಮೂಲೆಯವರೆಗೆ ಹತ್ತಿ, ಅಲ್ಲಿಂದ ತೋಳಿನ ಒಳಬದಿಗೆ ಇಳಿಯುತ್ತದೆ. ಕಂಕುಳು ಕೆಳಗಿದ್ದರೆ ಅದು ಮೂಲೆಗೆ ಹೋಗದೆ ಅಡ್ಡದಾರಿ ಹಿಡಿಯುತ್ತದೆ. ಕೈ ಎತ್ತಿದಾಗ ಕೊರತೆಯಾಗುವುದು ಈ ಅಡ್ಡದಾರಿಯಲ್ಲಿ ಉಳಿಸಿದ ಉದ್ದವೇ. ಪಕ್ಕ ಬಿಚ್ಚಿದರೆ ಹೆಚ್ಚುವುದು ಅಗಲ ಮಾತ್ರ. ಉದ್ದದ ಕೊರತೆಯನ್ನು ಅಗಲ ತುಂಬಲಾರದು. ಹಿಂದಿನವರ ಜುಬ್ಬಾದಲ್ಲಿ ನೇರ ಮೈಗೆ ನೇರ ತೋಳನ್ನೇ ಕೂಡಿಸುತ್ತಿದ್ದರು, ಗುಂಡಗೆ ಕತ್ತರಿಸಿದ ಕಂಕುಳು ಇರುತ್ತಲೇ ಇರಲಿಲ್ಲ. ಆದರೂ ಕೈ ಸರಾಗವಾಗಿ ಏಳುತ್ತಿದ್ದುದು, ಕಂಕುಳಲ್ಲಿ ಚೌಕದ ಸಣ್ಣ ತುಂಡೊಂದನ್ನು ಸೇರಿಸಿ ಈ ಉದ್ದವನ್ನು ಒದಗಿಸುತ್ತಿದ್ದುದರಿಂದ.

ಕೆಲವು ವರ್ಷಗಳ ಹಿಂದೆ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ಒಂದೇ ಬ್ಲೌಸನ್ನು ನಾಲ್ಕನೆಯ ಸಲ ಸರಿಪಡಿಸಲೆಂದು ನನ್ನ ಬಳಿ ತಂದರು. ಬೋರ್ಡಿನ ಮೇಲ್ಭಾಗದಲ್ಲಿ ಬರೆಯಲು ಕೈ ಎತ್ತಿದರೆ ಬ್ಲೌಸು ಮೇಲೇರಿ ಹೊಟ್ಟೆ ಕಾಣುತ್ತದೆ, ಹಿಂದಿನ ಬೆಂಚಿನ ಮಕ್ಕಳು ನಗುತ್ತಾರೆ ಎಂಬುದು ಅವರ ಸಂಕಟ. ಹೊಲಿದವರು ಬೇರೆಯವರು, ಮೂರು ಸಲವೂ ಪಕ್ಕವನ್ನೇ ಬಿಚ್ಚಿದ್ದರು. ಒಳಗೆ ಬಿಟ್ಟ ಬಟ್ಟೆಯೆಲ್ಲ ಮುಗಿದು, ಹಳೆಯ ಹೊಲಿಗೆಯ ತೂತುಗಳು ಮೂರು ಸಾಲಾಗಿ ಕಾಣುತ್ತಿದ್ದವು. ಬೆನ್ನಿನಲ್ಲಿ ಬಟ್ಟೆ ಜೋಲುತ್ತಿತ್ತು, ಕೈ ಮಾತ್ರ ಎದ್ದಿರಲಿಲ್ಲ. ಒಮ್ಮೆ ಕತ್ತರಿಸಿದ ಕಂಕುಳನ್ನು ಮೇಲೆತ್ತುವುದು ಸುಲಭವಲ್ಲ. ತೋಳು ಬಿಚ್ಚಿ ಭುಜದಲ್ಲಿ ಹಿಡಿದರೆ ಕತ್ತೂ ಮೇಲೇರುತ್ತದೆ, ಎದೆಯ ಆಕಾರಕ್ಕೆ ಹಿಡಿದ ಮಡಿಕೆ, ಅಂದರೆ ಟಕ್ಸ್, ಜಾಗ ತಪ್ಪುತ್ತದೆ, ಉದ್ದವೂ ಕಡಿಮೆಯಾಗುತ್ತದೆ. ಅವರ ಬಳಿ ಅಂಗೈಯಗಲದ ತುಂಡುಬಟ್ಟೆ ಉಳಿದಿತ್ತು. ಅದರಲ್ಲೇ ಎರಡು ಚೌಕ ಕತ್ತರಿಸಿ ಜುಬ್ಬಾದ ಹಾಗೆ ಕಂಕುಳಿಗೆ ಕೂಡಿಸಿದೆ. ಹಾಕಿಕೊಂಡು, ನನ್ನ ಗೋಡೆಯ ಕ್ಯಾಲೆಂಡರಿನ ತುದಿಯನ್ನು ಮುಟ್ಟಿ, ಕನ್ನಡಿಯಲ್ಲಿ ಪಟ್ಟಿ ಕದಲದೆ ನಿಂತಿರುವುದನ್ನು ನೋಡಿ ನಕ್ಕರು.

ಸಾಮಾನ್ಯವಾಗಿ ಬ್ಲೌಸಿನಲ್ಲಿ ಕಂಕುಳಿಗೂ ಹೊಲಿಗೆಗೂ ನಡುವೆ ತೋರುಬೆರಳು ಅಡ್ಡ ಹಿಡಿಸುವಷ್ಟು ಜಾಗವಿದ್ದರೆ ಸಾಕು. ಚೂಡಿದಾರದ ಟಾಪಿಗೆ ಇನ್ನೂ ಸ್ವಲ್ಪ ಹೆಚ್ಚು. ಸಿದ್ಧ ಉಡುಪುಗಳಲ್ಲಿ ಒಂದೇ ಅಳತೆ ಹಲವು ಮೈಗಳಿಗೆ ಹೊಂದಬೇಕಾದ್ದರಿಂದ ಕಂಕುಳನ್ನು ಆಳವಾಗಿಯೇ ಕತ್ತರಿಸಿರುತ್ತಾರೆ. ಹಿಗ್ಗುವ ಬಟ್ಟೆಗೆ ಈ ಮಾತು ಅಷ್ಟಾಗಿ ಅನ್ವಯಿಸದು. ನಿಜವಾದ ಬಿಗಿತವೂ ಇರಬಹುದು: ಎದೆಯ ಮೇಲೆ ಅಡ್ಡ ಸುಕ್ಕುಗಳು ಎಳೆದು ನಿಂತಿದ್ದರೆ ಪಕ್ಕ ಬಿಚ್ಚಿಸಲೇಬೇಕು. ಬ್ಲೌಸು ತೆಗೆದ ಮೇಲೂ ಕೈ ಏಳದಿದ್ದರೆ ವೈದ್ಯರ ಬಳಿ ಹೋಗಿ. ಮಧ್ಯವಯಸ್ಸಿನಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ, ಭುಜ ಹಿಡಿದುಕೊಳ್ಳುವುದು ಅಪರೂಪವಲ್ಲ. ಅದಕ್ಕೆ ನನ್ನ ಕತ್ತರಿಯಲ್ಲಿ ಔಷಧವಿಲ್ಲ.

ಟ್ರಯಲ್ ನೋಡುವವರು ಕನ್ನಡಿಯ ಮುಂದೆ ಉಸಿರು ಬಿಗಿಹಿಡಿದು, ಫೋಟೋಗೆ ನಿಂತಂತೆ ನಿಲ್ಲುತ್ತಾರೆ. ದಿನದಲ್ಲಿ ಹಾಗೆ ಎಷ್ಟು ಹೊತ್ತು ನಿಂತಿರುತ್ತೀರಿ? ಜಡೆ ಹಾಕಿಕೊಳ್ಳುವಂತೆ ಎರಡೂ ಕೈ ತಲೆಯ ಹಿಂದೆ ಒಯ್ಯಿರಿ, ಮೇಲಿನ ಹಲಗೆಯಿಂದ ಡಬ್ಬ ಇಳಿಸುವಂತೆ ಮಾಡಿ, ಬಸ್ಸಿನ ಕಂಬಿ ಹಿಡಿಯುವಂತೆ ಒಂದು ಕೈ ಎತ್ತಿ. ಕೈ ಇಳಿಸಿದ ಮೇಲೆ ಬ್ಲೌಸು ತಾನಾಗಿ ಸ್ವಸ್ಥಾನಕ್ಕೆ ಬರಬೇಕು. ಪ್ರತಿಸಲ ಕೆಳಗೆ ಎಳೆದುಕೊಳ್ಳಬೇಕಾದರೆ ಅದನ್ನು ನನ್ನ ಮೇಜಿನ ಮೇಲೇ ಬಿಟ್ಟುಹೋಗಿ.

ಅಳತೆಗೆಂದು ತರುವ ಹಳೆಯ ಬ್ಲೌಸಿನ ಬಗ್ಗೆಯೂ ಒಂದು ಮಾತು. ಅದು ಒಗೆದು ಒಗೆದು ಜೋತುಬಿದ್ದಿರುತ್ತದೆ, ಅದರ ಪಕ್ಕವೂ ಎರಡು ಸಲ ಬಿಚ್ಚಿರುತ್ತದೆ. ಗೌರಿ ಹಬ್ಬದ ಗಡಿಬಿಡಿಯಲ್ಲಿ ನಾವೂ ಟೇಪು ಹಿಡಿಯದೆ ಅದನ್ನೇ ಬಟ್ಟೆಯ ಮೇಲಿಟ್ಟು ಗೆರೆ ಎಳೆದುಬಿಡುತ್ತೇವೆ. ಹಳೆಯದರ ತಪ್ಪು ಹೊಸದಕ್ಕೂ ದಾಟುತ್ತದೆ. ಈ ತಪ್ಪು ನಮ್ಮದೂ ಹೌದು. ಅವಸರವಿದ್ದರೂ ಮೈಅಳತೆಯನ್ನೇ ಕೊಡಿ.

ಆ ಶಿಕ್ಷಕಿ ಮುಂದಿನ ದಸರಾ ರಜೆಯಲ್ಲಿ ಮೂರು ಬ್ಲೌಸ್ ಪೀಸು ತಂದರು. ನಾನೇ ಅಳತೆ ತೆಗೆದೆ, ಕಂಕುಳನ್ನು ಎಲ್ಲಿ ಕತ್ತರಿಸುತ್ತೇನೆಂದು ತೋರಿಸಿದೆ, ಅವರೂ ತಲೆಯಾಡಿಸಿದರು. ರಸೀದಿ ಪಡೆದು ಮೆಟ್ಟಿಲಿಳಿದವರು ಮತ್ತೆ ಹತ್ತಿ ಬಂದು, "ಅಕ್ಕಾ, ನೀವು ಹೇಳಿದ ಹಾಗೇ ಹೊಲೀರಿ, ಆದರೆ ಕಂಕುಳು ಒಂದರ್ಧ ಇಂಚು ಇಳಿಸಿಬಿಡಿ, ಆರಾಮಾಗಿರುತ್ತೆ" ಎಂದರು.