ಠೂ ಬಿಟ್ಟಿದ್ದಾರೆ, ಅಷ್ಟೇ ಅಲ್ವಾ?

ವಾರಕ್ಕೊಮ್ಮೆಯಾದರೂ ನನ್ನ ಕೋಣೆಯಲ್ಲಿ ಈ ಮಾತು ಬರುತ್ತದೆ. "ಏನಿಲ್ಲ ಮೇಡಂ, ಹೆಣ್ಣುಮಕ್ಕಳ ಜಗಳ. ಇವತ್ತು ಠೂ ಬಿಡ್ತಾರೆ, ನಾಳೆ ಒಂದಾಗ್ತಾರೆ." ಶಾಲಾ ಮಕ್ಕಳ ಆಪ್ತಸಮಾಲೋಚಕಿ ನಾನು. ಇದನ್ನು ಕೇಳಿದಾಗಲೆಲ್ಲ ಸಂಕಟವಾಗುತ್ತದೆ.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಊಟದ ಡಬ್ಬಿಯನ್ನು ಹಾಗೇ ವಾಪಸ್ ತರುತ್ತಿದ್ದಳು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ರುಚಿ ಹಿಡಿಸುತ್ತಿಲ್ಲ ಅಂದುಕೊಂಡು ಅಮ್ಮ ಚಿತ್ರಾನ್ನ ಬಿಟ್ಟು ಪೂರಿ ಹಾಕಿದರು. ಪೂರಿಯೂ ವಾಪಸ್ ಬಂತು. ನಡೆಯುತ್ತಿದ್ದದ್ದು ಇಷ್ಟು. ಆರು ಹುಡುಗಿಯರು ಸುತ್ತ ಕೂತು ಊಟ ಮಾಡುತ್ತಾರೆ. ಇವಳು ಬಂದ ಕೂಡಲೇ ಒತ್ತಿಕೊಂಡು ಕೂತು ಜಾಗ ಮುಚ್ಚುತ್ತಾರೆ. ಒಬ್ಬಳು ತನ್ನ ಮೇಲ್ದುಟಿಯ ಮೇಲೆ ಬೆರಳಾಡಿಸುತ್ತಾಳೆ. ಉಳಿದವರು ತಲೆ ತಗ್ಗಿಸಿ ನಗುತ್ತಾರೆ. ಇವಳ ತುಟಿಯ ಮೇಲೆ ಸಣ್ಣಗೆ ಕೂದಲಿದೆ. ಆ ವಯಸ್ಸಿನಲ್ಲಿ ಅದು ಬಹಳ ಸಲ ಸಹಜ. ಜಾಸ್ತಿ ಇದ್ದು ಮುಟ್ಟೂ ಏರುಪೇರಾಗುತ್ತಿದ್ದರೆ ವೈದ್ಯರಿಗೆ ತೋರಿಸಿ.

ಟೀಚರ್ ಕೇಳಿದರು, "ಯಾರಾದ್ರೂ ಹೊಡೆದ್ರಾ? ಬೈದ್ರಾ?" ಇಲ್ಲ. ಎಲ್ಲರೆದುರು ಕೈ ಕುಲುಕಿಸಿ ಕಳಿಸಿದರು. ಮಾರನೇ ದಿನದಿಂದ ಅವಳಿಗೆ ಚಾಡಿಕೋರಿ ಅನ್ನೋ ಹೆಸರೂ ಸೇರಿತು.

ಎಲ್ಲರೂ ಎಡವುವುದು ಇಲ್ಲೇ. ಹೊಡೆದಿಲ್ಲ, ಬೈದಿಲ್ಲ, ಇನ್ನೇನು ಹಿಂಸೆ ಅನ್ನುತ್ತಾರೆ. ಮಾತು ಬಿಡುವುದೇ ಇಲ್ಲಿ ಹೊಡೆತ. ಅವಳೊಬ್ಬಳನ್ನು ಬಿಟ್ಟು ವಾಟ್ಸ್ಆ್ಯಪ್ ಗ್ರೂಪ್ ಮಾಡುವುದು ಹೊಡೆತ. ಹುಟ್ಟುಹಬ್ಬಕ್ಕೆ ಅವಳನ್ನು ಮಾತ್ರ ಕರೆಯದಿರುವುದೂ ಹೊಡೆತವೇ. ಫಿನ್ಲೆಂಡಿನ ಮನೋವಿಜ್ಞಾನಿ ಕಿರ್ಸ್ಟಿ ಲಾಗರ್‌ಸ್ಪೆಟ್ಸ್ ಮತ್ತು ಸಂಗಡಿಗರು 11-12 ವರ್ಷದ ಮಕ್ಕಳನ್ನು ಸಹಪಾಠಿಗಳ ಬಗ್ಗೆ ಕೇಳಿ, 1988ರಲ್ಲೇ ಇದನ್ನು ಬರೆದಿದ್ದರು. ಬೆನ್ನ ಹಿಂದೆ ಆಡಿಕೊಳ್ಳುವುದು, ಸೇಡಿಗೆಂದೇ ಬೇರೊಬ್ಬಳ ಸ್ನೇಹ ಮಾಡುವುದು, ಇಂಥವೆಲ್ಲ ಹುಡುಗಿಯರಲ್ಲಿ ಜಾಸ್ತಿ ಕಂಡಿತ್ತು. ಹುಡುಗರು ಮಾಡುವುದಿಲ್ಲ ಅಂತಲ್ಲ. ಆಮೇಲಿನ ಅಧ್ಯಯನಗಳಲ್ಲಿ ಆ ಅಂತರ ತೀರಾ ಸಣ್ಣದು.

ನಾನು ಕಂಡ ಮಟ್ಟಿಗೆ ಹೇಳುತ್ತೇನೆ, ಎಲ್ಲ ಮನೆಗೂ ಹೊಂದಬೇಕಿಲ್ಲ. ಜೋರಾಗಿ ನಕ್ಕರೆ ಗಂಡುಬೀರಿ, ಎದುರು ಮಾತಾಡಿದರೆ ಬಜಾರಿ ಅಂತೀವಿ. ಮುಖಕ್ಕೆ ಮುಖ ಕೊಟ್ಟು ಸಿಟ್ಟು ಹೇಳಲು ಬಿಡದಿದ್ದರೆ ಆ ಸಿಟ್ಟು ಎಲ್ಲಿಗೆ ಹೋಗಬೇಕು? ಬೆರಳಿಗೆ ಹೋಗುತ್ತದೆ. ಹುಡುಗಿ ಅಂದರೆ ಬೆಳ್ಳಗಿರಬೇಕು, ನಯವಾಗಿರಬೇಕು ಅಂತ ನಾವು ಮನೆಯಲ್ಲಿ ಆಡಿದ್ದನ್ನೇ ಅವರು ಒಬ್ಬರ ಮೇಲೊಬ್ಬರು ಎತ್ತುತ್ತಾರೆ.

ಬೆರಳಾಡಿಸಿದವಳು ಕ್ಲಾಸಿನಲ್ಲಿ ಎಲ್ಲರ ಮುದ್ದಿನ ಹುಡುಗಿ. ದನಿ ಎತ್ತಿದವಳೇ ಅಲ್ಲ. ಒಬ್ಬಳನ್ನೇ ಕೂರಿಸಿ ಮಾತಾಡಿದೆ. ಮೂರನೇ ಸಲಕ್ಕೆ ಬಾಯಿಬಿಟ್ಟಳು. ತನ್ನ ಜೀವದ ಗೆಳತಿ ಆ ಹುಡುಗಿಯ ಕಡೆ ಹೋದಳಂತೆ. "ಅಮ್ಮಂಗೆ ಹೇಳ್ಬೇಡಿ ಮೇಡಂ. ನಂಗೆ ಕೋಪ ಬರುತ್ತೆ ಅಂತ ಅವರಿಗೆ ಗೊತ್ತಿಲ್ಲ." ಅವಳನ್ನು ನೋಡಿಯೂ ಕರುಳು ಚುರುಕ್ಕೆಂದಿತು.

ದಯವಿಟ್ಟು ಎಲ್ಲರೆದುರು ಕೈ ಕುಲುಕಿಸಬೇಡಿ. ಒಬ್ಬೊಬ್ಬರನ್ನೇ ಕರೆದು ಕೇಳಿ, ತಲೆ ತಗ್ಗಿಸಿ ನಕ್ಕವರನ್ನೂ. ಮನೆಯಲ್ಲಿ "ಯಾರು ಏನಂದ್ರು?" ಅನ್ನುವ ಬದಲು "ಇವತ್ತು ಯಾರ ಜೊತೆ ಊಟ ಮಾಡ್ದೆ?" ಅಂತ ಕೇಳಿ ನೋಡಿ. ಬದುಕೇ ಬೇಡ ಅನ್ನುವಂಥ ಮಾತು ಮಗಳ ಬಾಯಲ್ಲಿ ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.